ಎಡಬದಿಯ ಒಂದು ಮೀಟರ್: ಮಂಗಳೂರಿನ ಯಾವ ರಸ್ತೆಗೆ ಎಂಥ ಸೈಕಲ್ ದಾರಿ?

ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಏರು ಹತ್ತುವ ಸೈಕಲ್ಲನ್ನು ಒಮ್ಮೆ ನಿಂತು ನೋಡಿ. ಗಂಟೆಗೆ ಎಂಟು ಕಿಲೋಮೀಟರ್ ವೇಗ ಇದ್ದರೆ ಅದೇ ಹೆಚ್ಚು. ಪೆಡಲ್ ತುಳಿದ ಹಾಗೆಲ್ಲ ಹ್ಯಾಂಡಲ್ ಆಚೀಚೆ ಓಲಾಡುತ್ತದೆ. ಹಿಂದೆ ಟೈಮಿಂಗ್ ತಪ್ಪಿದ ಸಿಟಿ ಬಸ್ಸಿನ ಹಾರ್ನ್, ಎಡಕ್ಕೆ ಬಾಯಿ ಬಿಟ್ಟ ಚರಂಡಿ ಸ್ಲ್ಯಾಬ್. ಅದೇ ಮನುಷ್ಯ ಸಂಜೆ ಗುಡ್ಡೆ ಇಳಿಯುವಾಗ ಸ್ಕೂಟರಿನವರ ಸರಿಸಮ ಬರುತ್ತಾನೆ, ಅವನಿಗೆ ಯಾರ ಹಂಗೂ ಇಲ್ಲ. ಸವಾರ ಒಬ್ಬನೇ, ಸೈಕಲ್ ಒಂದೇ. ಏರುವಾಗ ಬೇಕಾದದ್ದು ಇಳಿಯುವಾಗ ಬೇಕಿಲ್ಲ.

ರಸ್ತೆ ಅಗಲ ಮಾಡುವ, ಕಾಂಕ್ರೀಟ್ ಹಾಕುವ, 'ಅಭಿವೃದ್ಧಿಪಡಿಸುವ' ನಕ್ಷೆಗಳಲ್ಲಿ ಈ ವ್ಯತ್ಯಾಸ ಕಾಣುವುದು ಅಪರೂಪ. ಇದ್ದರೆ ಎರಡೂ ಬದಿಗೆ ಒಂದೇ ಅಳತೆಯ ಹಸಿರು ಗೆರೆ, ಇಲ್ಲದಿದ್ದರೆ ಏನೂ ಇಲ್ಲ. ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಇಂಥ ನಕ್ಷೆಗಳನ್ನು ನೋಡುವ ಅವಕಾಶ ನಮಗೆ ಸಾಕಷ್ಟು ಸಿಕ್ಕಿದೆ. ಹಾಗಾಗಿ ನಿಮ್ಮ ವಾರ್ಡಿನ ರಸ್ತೆಯ ನಕ್ಷೆ ಮೇಜಿನ ಮೇಲೆ ಬಿದ್ದಾಗ ಯಾವುದಕ್ಕೆ ಹೂಂ ಅನ್ನಬೇಕು, ಯಾವುದಕ್ಕೆ ಬೇಡ ಅನ್ನಬೇಕು ಎಂದು ಲೆಕ್ಕ ಹಾಕಲು ಈ ಬರಹ. ನಾನು ಎಂಜಿನಿಯರ್ ಅಲ್ಲ. ಉರ್ವದಿಂದ ಪೇಟೆಗೆ ಸೈಕಲ್ಲಿನಲ್ಲಿ ಹೋಗಿ ಬರುವವನು, ಅಷ್ಟೆ.

ಮೊದಲ ಆಕ್ಷೇಪ ಪ್ರತಿ ಸಭೆಯಲ್ಲೂ ಒಂದೇ: "ಈ ಗುಡ್ಡೆಯ ಊರಲ್ಲಿ, ಈ ಮಳೆಯಲ್ಲಿ ಸೈಕಲ್ ಯಾರು ತುಳಿಯುತ್ತಾರೆ ಮಾರಾಯ್ರೆ?" ಬೆಳಿಗ್ಗೆ ಐದೂವರೆಗೆ ಎದ್ದು ರಸ್ತೆಗೆ ಬನ್ನಿ, ಕಾಣುತ್ತದೆ. ಪೇಪರ್ ಹಾಕುವ ಹುಡುಗ, ಬಂದರಿನ ಕಡೆಗೆ ಕೆಲಸಕ್ಕೆ ಹೋಗುವವರು, ಹೋಟೆಲಿನ ಅಡುಗೆಯವರು, ಉತ್ತರದ ರಾಜ್ಯಗಳಿಂದ ಬಂದು ಕಟ್ಟಡ ಕೆಲಸ ಮಾಡುವವರು ಒಂದು ಸೈಕಲ್ಲಿಗೆ ಇಬ್ಬರಂತೆ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಅದರಲ್ಲಿ ಎಷ್ಟೋ ಸೈಕಲ್ ಈಗ ಅಪ್ಪಂದಿರ ಕೈಯಲ್ಲಿವೆ. ಭಾನುವಾರ ಹೆಲ್ಮೆಟ್ ಹಾಕಿಕೊಂಡು ಪಣಂಬೂರಿಗೆ ಹೋಗುವ ನಮ್ಮಂಥವರು ಕಣ್ಣಿಗೆ ಬೀಳುತ್ತೇವೆ. ಇವರು ಬೀಳುವುದಿಲ್ಲ. ಇವರೆಲ್ಲ ಈಗಾಗಲೇ ರಸ್ತೆಯ ಎಡಬದಿಯ ಒಂದು ಮೀಟರಿನಲ್ಲಿ ಜೀವ ಹಿಡಿದುಕೊಂಡು ಹೋಗುತ್ತಿದ್ದಾರೆ. ಯಾವ ಯೋಜನೆ ಬಂದರೂ ನಾನು ಕೇಳುವ ಪ್ರಶ್ನೆ ಒಂದೇ: ಆ ಒಂದು ಮೀಟರ್ ಈಗಿಗಿಂತ ಮೇಲಾಗುತ್ತದೆಯೇ?

ಟೇಪು ಹಿಡಿಯುವುದು ಮೊದಲು

ಆಯ್ಕೆಗೆ ಮುಂಚೆ ನಾಲ್ಕು ಸಂಗತಿ ಗೊತ್ತಿರಬೇಕು. ಕಾಂಪೌಂಡಿನಿಂದ ಕಾಂಪೌಂಡಿಗೆ ಅಗಲ ಎಷ್ಟು, ಅದರಲ್ಲಿ ಡಾಂಬರು ಅಥವಾ ಕಾಂಕ್ರೀಟ್ ಎಷ್ಟು, ವಾಹನಗಳು ನಿಜವಾಗಿ ಓಡುವ ವೇಗ ಎಷ್ಟು, ಏರು ಯಾವ ಕಡೆಗೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ನಮ್ಮಲ್ಲಿ ಐದನೆಯದೂ ಒಂದುಂಟು: ಜುಲೈಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ. ಕೊಟ್ಟಾರಚೌಕಿಯವರಿಗೂ ಪಂಪ್‌ವೆಲ್ಲಿನವರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಸೈಕಲ್ಲಿನ ಹ್ಯಾಂಡಲ್ ಸುಮಾರು 60–65 ಸೆಂಟಿಮೀಟರ್. ಓಲಾಟವೂ ಸೇರಿ ಒಬ್ಬ ಸವಾರನಿಗೆ ಒಂದು ಮೀಟರ್ ಬೇಕು. ನಿಧಾನದವನನ್ನು ಇನ್ನೊಬ್ಬ ದಾಟಿ ಹೋಗಬೇಕಾದರೆ ಎರಡು ಮೀಟರ್. ಬಸ್ಸಿನ ಮೈ ಸುಮಾರು ಎರಡೂವರೆ ಮೀಟರ್. ಇಷ್ಟು ತಲೆಯಲ್ಲಿಟ್ಟುಕೊಂಡರೆ ನಕ್ಷೆಯಲ್ಲಿನ ಸುಳ್ಳು ಅರ್ಧ ಬಯಲಾಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೈಕಲ್ ಪಥದ ಕೈಪಿಡಿ, ಐಆರ್‌ಸಿ 11, ಮೊದಲು ಬಂದದ್ದು 1962ರಲ್ಲಿ, ಪರಿಷ್ಕರಣೆಯಾದದ್ದು 2015ರಲ್ಲಿ. ಅಂದರೆ ಈ ವಿಷಯ ನಿನ್ನೆ ಮೊನ್ನೆ ಹೊರದೇಶದಿಂದ ಬಂದ ಶೋಕಿ ಅಲ್ಲ.

ಬಣ್ಣದ ಪಟ್ಟಿ

ಅತಿ ಅಗ್ಗ, ಅತಿ ಬೇಗ, ಉದ್ಘಾಟನೆಯ ಫೋಟೋಗೆ ಅತಿ ಚಂದ. ನನ್ನ ಮತ ಅದಕ್ಕಿಲ್ಲ. ಬರೀ ಗೆರೆ ಎಳೆದ ಜಾಗದಲ್ಲಿ ಮರುದಿನವೇ ಕಾರು ನಿಲ್ಲುತ್ತದೆ. ಆಗ ಸವಾರ ಕಾರನ್ನು ಸುತ್ತಿ ಬಸ್ಸಿನ ಮುಂದಕ್ಕೆ ಬರಬೇಕು, ಮೊದಲಿನದಕ್ಕಿಂತ ಅಪಾಯ. ಲಂಡನ್ನಿನಲ್ಲಿ 2011ರಲ್ಲಿ ಬೋ ಎಂಬಲ್ಲಿಂದ ಆಲ್ಡ್‌ಗೇಟ್‌ವರೆಗೆ ನೀಲಿ ಬಣ್ಣ ಬಳಿದು ಸೈಕಲ್ ಹೆದ್ದಾರಿ ಎಂದು ಕರೆದರು. ಸವಾರರು ಸತ್ತ ಮೇಲೆ, 2016ರ ಹೊತ್ತಿಗೆ, ಅದೇ ದಾರಿಗೆ ಕಟ್ಟೆ ಕಟ್ಟಿ ಬೇರ್ಪಡಿಸಬೇಕಾಯಿತು. ನಮ್ಮಲ್ಲಿ ಮಳೆಯ ಕಾಟ ಬೇರೆ. ದಪ್ಪ ಬಣ್ಣ ಒದ್ದೆಯಾದರೆ ಎರಡು ಚಕ್ರದವರಿಗೆ ಎಣ್ಣೆ ಚೆಲ್ಲಿದ ಹಾಗೆ. ಬ್ರೇಕ್ ಹಿಡಿದವರಿಗೆ ಗೊತ್ತು.

ಬಣ್ಣಕ್ಕೆ ಒಂದು ಜಾಗ ಉಂಟು, ಜಂಕ್ಷನ್ನಿನಲ್ಲಿ. ಬೇರ್ಪಟ್ಟ ದಾರಿಯೊಂದು ಅಡ್ಡರಸ್ತೆಯನ್ನು ದಾಟುವ ಕಡೆ 'ಇಲ್ಲಿ ಸೈಕಲ್ ಬರುತ್ತದೆ' ಎಂದು ಡ್ರೈವರಿಗೆ ಹೇಳಲು. ಅದೂ ಒರಟು ಮೈಯ ಬಣ್ಣವಾಗಿರಬೇಕು.

ಚರಂಡಿಯ ಮೇಲಿನ ದಾರಿ

ಇದು ನಮ್ಮ ಊರಿನ ವಿಶೇಷ ಆಮಿಷ. ಮಳೆನೀರಿಗಾಗಿ ರಸ್ತೆಯ ಎರಡೂ ಬದಿಗೆ ಚರಂಡಿ ಬೇಕೇ ಬೇಕು. ಅದರ ಮೇಲೆ ಸ್ಲ್ಯಾಬ್, ಸ್ಲ್ಯಾಬಿನ ಮೇಲೆ ಇಂಟರ್‌ಲಾಕ್. 'ಇಷ್ಟು ಜಾಗ ಖಾಲಿ ಉಂಟಲ್ಲ, ಇದೇ ಸೈಕಲ್ ಟ್ರ್ಯಾಕ್ ಆಗಲಿ' ಎನ್ನುವುದು ಎಲ್ಲರಿಗೂ ಹೊಳೆಯುವ ಉಪಾಯ. ಜಾಗ ಯಾರಿಂದಲೂ ಕಸಿಯಬೇಕಾಗಿಲ್ಲ, ಪಾರ್ಕಿಂಗ್ ಮುಟ್ಟಬೇಕಾಗಿಲ್ಲ, ಅಂಗಡಿಯವರ ಜಗಳ ಇಲ್ಲ.

ಒಂದು ಜುಲೈಯಲ್ಲಿ ನಾನು ಈ ಉಪಾಯದ ಮೇಲೆ ಸವಾರಿ ಮಾಡಿದೆ. ಸ್ಲ್ಯಾಬ್ ಎತ್ತಲು ಬಿಟ್ಟ ಸಂದು, ಅದರ ಮೇಲೆ ಕೆಂಪು ನೀರು. ಮುಂದಿನ ಚಕ್ರ ಒಳಗೆ ಇಳಿದದ್ದು ಗೊತ್ತಾದದ್ದು ನಾನು ಗೇಟಿನ ಕಂಬದ ಹತ್ತಿರ ಬಿದ್ದ ಮೇಲೆ. ಮೊಣಕಾಲಿಗೆ ನಾಲ್ಕು ಹೊಲಿಗೆ. ಸ್ಲ್ಯಾಬ್ ಯಾರ ಜವಾಬ್ದಾರಿ ಎಂದು ವಿಚಾರಿಸಲು ಹೋದರೆ ಒಂದು ಕಚೇರಿಯವರು "ರಸ್ತೆ ನಮ್ಮದು, ಚರಂಡಿ ನಮ್ಮದಲ್ಲ" ಎಂದರು. ಇನ್ನೊಂದು ಕಚೇರಿಯವರು "ಚರಂಡಿ ನಮ್ಮದು, ಮೇಲಿನ ಮುಚ್ಚಳ ಕಂಟ್ರಾಕ್ಟರಿಂದು" ಎಂದರು. ಮುಚ್ಚಳದ ಮಾಲೀಕ ಈವರೆಗೆ ಸಿಕ್ಕಿಲ್ಲ.

ನನ್ನ ಮೊಣಕಾಲು ಬಿಡಿ. ಪ್ರತಿ ಮನೆಯ ಗೇಟಿನ ಎದುರು ಆ ದಾರಿ ಇಳಿಯುತ್ತದೆ, ಮತ್ತೆ ಏರುತ್ತದೆ. ಇಪ್ಪತ್ತು ಗೇಟು ದಾಟುವಷ್ಟರಲ್ಲಿ ಒಂಟೆ ಸವಾರಿಯ ಅನುಭವ. ನಡುವೆ ಟ್ರಾನ್ಸ್‌ಫಾರ್ಮರ್, ಕಂಬ, ಜಾಹೀರಾತು ಫಲಕ. ಮಳೆಗಾಲ ಮುಗಿಯುವ ಹೊತ್ತಿಗೆ ಇಂಟರ್‌ಲಾಕ್ ಮೇಲೆ ಪಾಚಿ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಅದು ನಡೆಯುವವರ ಜಾಗ. ಐಆರ್‌ಸಿ 103 ಪ್ರಕಾರ ಪಾದಚಾರಿಗೆ ಅಡೆತಡೆ ಇಲ್ಲದ 1.8 ಮೀಟರ್ ಬೇಕು. ನಮ್ಮ ಎಷ್ಟು ಸ್ಲ್ಯಾಬುಗಳ ಅಗಲ ಅಷ್ಟುಂಟು? ಮೀನು ಬುಟ್ಟಿ ಹೊತ್ತ ಅಕ್ಕನನ್ನೂ ಶಾಲೆಯ ಮಗುವನ್ನೂ ಬೆಲ್ ಹೊಡೆದು ಬದಿಗೆ ಸರಿಸಿ ಸೈಕಲ್ಲಿಗೆ ನ್ಯಾಯ ಕೊಡಿಸುವುದು ನನಗಂತೂ ಒಪ್ಪಿಗೆ ಇಲ್ಲ.

ಕಟ್ಟೆ ಕಟ್ಟಿ ಬೇರ್ಪಡಿಸಿದ ಪಥ

ಪಿವಿಎಸ್ ಸರ್ಕಲ್ಲಿನಿಂದ ಲಾಲ್‌ಬಾಗ್ ಕಡೆಗೆ ಹೋಗುವ ಎಂ.ಜಿ. ರೋಡಿನಂಥ, ನಡುವೆ ಡಿವೈಡರ್ ಇರುವ, ಬಸ್ಸು ಕಾರುಗಳು ಜೋರಾಗಿ ಓಡುವ ರಸ್ತೆಗೆ ಇದೊಂದೇ ನಿಜವಾದ ಉತ್ತರ. ಇಲ್ಲಿ ಅಗಲ ಇಲ್ಲ ಎನ್ನುವವರಿಗೆ ಟೇಪು ಕೊಡಿ. ಉದಾಹರಣೆಗೆ ಡಿವೈಡರಿನಿಂದ ಫುಟ್‌ಪಾತಿನವರೆಗೆ 9 ಮೀಟರ್ ಸಿಕ್ಕಿತೆಂದು ಇಟ್ಟುಕೊಳ್ಳಿ. ತಲಾ 3.1 ಮೀಟರಿನ ಎರಡು ಲೇನ್ ಎಂದರೆ 6.2. ಉಳಿದ 2.8ರಲ್ಲಿ ಅರ್ಧ ಮೀಟರಿನ ಕಟ್ಟೆ, ಎರಡು ಮೀಟರಿನ ಪಥ, ನೀರು ಹರಿಯಲು ಒಂದು ಗೇಣು ಹೆಚ್ಚುವರಿ. ಈಗ ಆ 2.8 ಮೀಟರಿನಲ್ಲಿ ಏನಿದೆ? ನಿಂತ ಕಾರುಗಳು. ಹಾಗಾಗಿ ಇಲ್ಲಿನ ಆಯ್ಕೆ ಸೈಕಲ್ಲೋ ವಾಹನ ಸಂಚಾರವೋ ಎಂಬುದಲ್ಲ, ಸೈಕಲ್ಲೋ ಪಾರ್ಕಿಂಗೋ ಎಂಬುದು. ಸಭೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಚರ್ಚೆ ದಾರಿ ತಪ್ಪುತ್ತದೆ.

ಅಂಗಡಿಯವರ ಭಯ ಸುಳ್ಳಲ್ಲ. ಅವರೊಡನೆ ಮಾತಾಡುವಾಗ ಒಂದು ಲೆಕ್ಕ ಮುಂದಿಡಿ: ಅಂಗಡಿ ಎದುರು ಬೆಳಗಿನಿಂದ ಸಂಜೆಯವರೆಗೆ ನಿಲ್ಲುವ ಕಾರು ಯಾರದು? ನಮ್ಮ ಬೀದಿಯಲ್ಲಿ ನಾವು ಒಂದು ದಿನ ಎಣಿಸಿದಾಗ ಅರ್ಧಕ್ಕರ್ಧ ಅಂಗಡಿಯವರದ್ದೇ, ಇಲ್ಲವೇ ಮೇಲಿನ ಆಫೀಸಿನವರದ್ದು. ಗಿರಾಕಿ ಬಂದದ್ದು ರಿಕ್ಷಾದಲ್ಲಿ, ಬಸ್ಸಿನಲ್ಲಿ. ಸಾಮಾನು ಇಳಿಸುವ ಟೆಂಪೋಗೆ ಬೆಳಗ್ಗೆ ಹತ್ತರೊಳಗೆ ಎರಡು ಕಡೆ ಜಾಗ ಗುರುತಿಸಿಕೊಟ್ಟರೆ ಜಗಳ ಅರ್ಧ ಇಳಿಯುತ್ತದೆ.

ಕಟ್ಟೆಯ ಬದಲು ಪ್ಲಾಸ್ಟಿಕ್ ಗೂಟ ಸಾಕು ಎನ್ನುವವರಿಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ನೆನಪು ಮಾಡಿ. 2020ರಲ್ಲಿ ಅಲ್ಲಿ ಗೂಟ ನೆಟ್ಟು ಸೈಕಲ್ ಲೇನ್ ಮಾಡಿದರು. ಗೂಟಗಳು ಮುರಿದವು, ಬೈಕಿನವರು ನುಗ್ಗಿದರು. ಗೂಟ ಪ್ರಯೋಗಕ್ಕೆ ಒಳ್ಳೆಯದು, ಆರು ತಿಂಗಳು ಇಟ್ಟು ನೋಡಿ ತಪ್ಪು ತಿದ್ದಬಹುದು. ಶಾಶ್ವತಕ್ಕೆ ಕಾಂಕ್ರೀಟೇ ಆಗಬೇಕು. ಕಟ್ಟೆಯಲ್ಲಿ ಅಲ್ಲಲ್ಲಿ ನೀರು ಹೋಗಲು ಕಿಂಡಿ ಬಿಡದಿದ್ದರೆ ಮೊದಲ ಮಳೆಗೇ ಸೈಕಲ್ ಪಥ ತೋಡಾಗುತ್ತದೆ. ಪಥ ಎರಡು ಮೀಟರಿಗಿಂತ ಕಿರಿದಾದರೆ ಕಸ ಗುಡಿಸುವುದಕ್ಕೂ ಕಷ್ಟ. ಜಲ್ಲಿ, ಎಲೆ, ಕೆಂಪು ಮಣ್ಣು ತುಂಬಿದ ಪಥಕ್ಕೆ ಯಾವ ಸೈಕಲ್ಲೂ ಇಳಿಯದು. ಆಮೇಲೆ 'ನೋಡಿ, ಕಟ್ಟಿಕೊಟ್ಟರೂ ಯಾರೂ ಬಳಸುವುದಿಲ್ಲ' ಎಂಬ ಸರ್ಟಿಫಿಕೇಟ್ ಸಿಗುತ್ತದೆ.

ಇನ್ನು ಬಸ್‌ಸ್ಟಾಪ್. ನಮ್ಮ ಖಾಸಗಿ ಸಿಟಿ ಬಸ್ಸು ಎಲ್ಲಿ ಕೈ ತೋರಿಸಿದರೂ ಎಡಕ್ಕೆ ಎಳೆದು ನಿಲ್ಲುತ್ತದೆ, ಕಂಡಕ್ಟರ್ 'ರೈಟ್ ಪೋಯಿ' ಎಂದ ಕ್ಷಣ ಹೊರಡುತ್ತದೆ. ಸೈಕಲ್ ಪಥ ಬಸ್‌ಸ್ಟಾಪಿನ ಮುಂದಿನಿಂದ ಹೋದರೆ ದಿನಕ್ಕೆ ನೂರು ಸಲ ಇಬ್ಬರೂ ಒಂದೇ ಜಾಗಕ್ಕೆ ಬರುತ್ತಾರೆ. ಶೆಲ್ಟರಿನ ಹಿಂದಿನಿಂದ ಪಥ ತಿರುಗಿಸಬೇಕು, ಅಲ್ಲಿ ಪ್ರಯಾಣಿಕರು ದಾಟುವ ಕಡೆ ಪಥವನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಬೇಕು. ಬಸ್ಸು ಕಟ್ಟೆಯ ಬದಿಗೇ ನಿಲ್ಲುವುದರಿಂದ ಹತ್ತಿ ಇಳಿಯುವ ಅಜ್ಜಿಯರಿಗೂ ಅನುಕೂಲ.

ಏರಿನ ಬದಿಗೆ ಮಾತ್ರ

ಮಂಗಳೂರಿಗೆ ನಾನು ಹೆಚ್ಚು ಒತ್ತಿ ಹೇಳುವ ಆಯ್ಕೆ ಇದು. ಯಾವ ನಕ್ಷೆಯಲ್ಲೂ ನಾನು ಇದನ್ನು ಕಂಡಿಲ್ಲ.

ಅರ್ಧ ಕಿಲೋಮೀಟರ್ ಉದ್ದದ ಏರನ್ನು ತೆಗೆದುಕೊಳ್ಳಿ. ಗಂಟೆಗೆ ಎಂಟು ಕಿಲೋಮೀಟರಿನಂತೆ ಹತ್ತಲು ಕಾಲು ಕಡಿಮೆ ನಾಲ್ಕು ನಿಮಿಷ ಎನ್ನಿ, ಸರಿಯಾಗಿ 225 ಸೆಕೆಂಡ್. ಇಪ್ಪತ್ತೈದರಂತೆ ಇಳಿಯಲು 72 ಸೆಕೆಂಡ್. ಹತ್ತುವವನು ಮೂರು ಪಟ್ಟು ಹೊತ್ತು ವಾಹನಗಳ ನಡುವೆ ಇರುತ್ತಾನೆ. ಹಿಂದಿನ ಕಾರು ಮೂವತ್ತೈದರಲ್ಲಿ ಬಂದರೆ, ಹತ್ತುವವನಿಗೂ ಕಾರಿಗೂ ವೇಗದ ಅಂತರ 27. ಇಳಿಯುವವನಿಗೆ ಬರೀ 10. ಅಪಾಯವೆಲ್ಲ ಒಂದೇ ಬದಿಯಲ್ಲಿ ಕೂತಿದೆ.

ಈಗ ರಸ್ತೆಯ ಅಗಲ ನೋಡಿ. ಏಳೂವರೆ ಮೀಟರಿನ ರಸ್ತೆಯಲ್ಲಿ ಮೂರು ಮೂರು ಮೀಟರಿನ ಎರಡು ಲೇನ್ ಬಿಟ್ಟರೆ ಉಳಿಯುವುದು ಒಂದೂವರೆ ಮೀಟರ್. ಅದನ್ನು ಎರಡೂ ಬದಿಗೆ ಸಮನಾಗಿ ಹಂಚಿದರೆ ಮುಕ್ಕಾಲು ಮುಕ್ಕಾಲು ಮೀಟರ್, ಯಾರಿಗೂ ಉಪಯೋಗ ಇಲ್ಲ. ಪೂರ್ತಿ ಏರಿನ ಬದಿಗೆ ಕೊಟ್ಟರೆ ಒಬ್ಬ ಮನುಷ್ಯ ಮರ್ಯಾದೆಯಿಂದ ಸೈಕಲ್ ಹತ್ತಿಸಬಹುದು, ಸುಸ್ತಾದರೆ ಇಳಿದು ದೂಡಬಹುದು. ಇಳಿಜಾರಿನ ಬದಿಯಲ್ಲಿ ಸೈಕಲ್ ವಾಹನಗಳ ಸಾಲಿನಲ್ಲೇ ಬರಲಿ. ಅಲ್ಲಿ ಕಿರಿದಾದ ಪಥಕ್ಕೆ ತಳ್ಳುವುದೇ ತಪ್ಪು, ವೇಗದಲ್ಲಿ ಬರುವವನಿಗೆ ಕಾರಿನ ಬಾಗಿಲು ತೆರೆದರೆ ತಪ್ಪಿಸಿಕೊಳ್ಳಲು ಜಾಗ ಬೇಕು.

ಬಾವುಟಗುಡ್ಡೆ ಮಾತ್ರವಲ್ಲ, ಕದ್ರಿ ದೇವಸ್ಥಾನದ ಕಡೆಗಿನ ಏರಿಗೂ ಇದೇ ಮಾತು. ಏರಿನಲ್ಲಿ ಕಟ್ಟೆ ತಗ್ಗಾಗಿದ್ದರೂ ನಡೆಯುತ್ತದೆ. ಒಂದು ಎಚ್ಚರ: ಕಾಂಕ್ರೀಟ್ ರಸ್ತೆಯ ಅಂಚಿಗೂ ಮಣ್ಣಿಗೂ ನಡುವೆ ನಾಲ್ಕು ಬೆರಳಿನ ಹೊಂಡ ಬಿಡುವ ಅಭ್ಯಾಸ ನಮ್ಮಲ್ಲಿ ಉಂಟಲ್ಲ, ಅಂಚು ತುಂಬಿಸದೆ ಈ ಪಥ ಮಾಡಿದರೆ ನಿಧಾನಕ್ಕೆ ಓಲಾಡುವ ಸೈಕಲ್ಲಿಗೆ ಅದೇ ಗುಂಡಿ.

ಒಳರಸ್ತೆಗಳು

ಉರ್ವ, ಮಣ್ಣಗುಡ್ಡೆ, ಕುದ್ರೋಳಿ, ಅಳಕೆ, ರಥಬೀದಿ. ಎಂ.ಜಿ. ರೋಡಿನ ಗಲಾಟೆ ತಪ್ಪಿಸಿ ಹೆಚ್ಚು ಏರಿಲ್ಲದೆ ಪೇಟೆ ಮುಟ್ಟುವ ಈ ದಾರಿ ನನ್ನ ನಿತ್ಯದ್ದು. ಇಂಥ ಬೀದಿಗೆ ಪ್ರತ್ಯೇಕ ಸೈಕಲ್ ಪಥ ಬೇಡವೇ ಬೇಡ. ಜಾಗವೂ ಇಲ್ಲ, ಅಗತ್ಯವೂ ಇಲ್ಲ. ಬೇಕಾದದ್ದು ವಾಹನಗಳ ವೇಗ ಮೂವತ್ತಕ್ಕೆ ಇಳಿಸುವುದು. ಡಿಕ್ಕಿಯ ಶಕ್ತಿ ವೇಗದ ವರ್ಗದಂತೆ ಏರುತ್ತದೆ. ಐವತ್ತರಲ್ಲಿ ಬರುವ ಕಾರಿನ ಹೊಡೆತ ಮೂವತ್ತರದ್ದಕ್ಕಿಂತ ಸುಮಾರು 2.8 ಪಟ್ಟು. ಬೋರ್ಡು ಹಾಕಿದ ಮಾತ್ರಕ್ಕೆ ಯಾರೂ ನಿಧಾನ ಮಾಡುವುದಿಲ್ಲ. ತಿರುವುಗಳನ್ನು ಬಿಗಿ ಮಾಡಬೇಕು, ಅಡ್ಡರಸ್ತೆ ಸೇರುವಲ್ಲಿ ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಬೇಕು. ರಾತ್ರೋರಾತ್ರಿ ಹಾಕುವ ಚೂಪು ಹಂಪ್ ಬೇಡ, ಅದು ಕಾರಿಗಿಂತ ಮೊದಲು ಸೈಕಲ್ಲಿನವನ ಸೊಂಟ ಮುರಿಯುತ್ತದೆ. ಹಂಪ್ ಬೇಕೇ ಬೇಕಾದರೆ ಉದ್ದವಾಗಿ, ನಯವಾಗಿ ಏರಿ ಇಳಿಯುವಂತಿರಲಿ.

ರಥಬೀದಿಗೆ ಬಂದರೆ ಇನ್ನೊಂದು ನಿಯಮ. ಕೊಡಿಯಾಲ್ ತೇರಿನ ದಿನ ಬ್ರಹ್ಮರಥ ಎಳೆಯುವ ಬೀದಿಯಲ್ಲಿ ಯಾರಾದರೂ ಕಾಂಕ್ರೀಟ್ ಕಟ್ಟೆ ಕಟ್ಟುತ್ತೇನೆಂದರೆ ಯೋಜನೆ ಅಲ್ಲಿಗೇ ಮುಗಿಯಿತು, ಮುಗಿಯಲೂ ಬೇಕು. ದಸರಾ ಮೆರವಣಿಗೆಯ ದಾರಿಗೂ ಅಷ್ಟೆ. ಇಂಥ ಕಡೆ ಕಿತ್ತು ಮತ್ತೆ ನೆಡಬಹುದಾದ ಕಬ್ಬಿಣದ ಕಂಬ ಸಾಕು. ಉಡುಪಿಯವರಿಗೂ ಈ ಮಾತು ಅನ್ವಯ: ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯದ ಮೆರವಣಿಗೆ ಹೋಗುವ ಬೀದಿಗಳನ್ನು ಆ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಿಡಿಸಬೇಕು.

ಒಳದಾರಿಯ ಪಕ್ಷದಲ್ಲಿ ಇಷ್ಟೆಲ್ಲ ಹೇಳಿದವನೇ ಒಂದು ತಕರಾರನ್ನೂ ಹೇಳಬೇಕು. 'ಒಳಗಿನ ದಾರಿ ಚೆನ್ನಾಗಿದೆಯಲ್ಲ, ಹಾಗಾದರೆ ಮುಖ್ಯರಸ್ತೆಯಲ್ಲಿ ಸೈಕಲ್ಲಿಗೇಕೆ ಜಾಗ' ಎಂಬ ವಾದಕ್ಕೆ ಇದು ನೆಪ ಆಗಬಾರದು. ಬ್ಯಾಂಕು, ಆಸ್ಪತ್ರೆ, ಕಾಲೇಜು, ಕೆಲಸ ಎಲ್ಲ ಮುಖ್ಯರಸ್ತೆಯಲ್ಲಿವೆ. ಕೊನೆಯ ಇನ್ನೂರು ಮೀಟರಿಗಾದರೂ ಅಲ್ಲಿಗೆ ಬರಲೇಬೇಕು.

ಹೆದ್ದಾರಿ ಮತ್ತು ದಂಡೆ

ಕೊಟ್ಟಾರಚೌಕಿಯಿಂದ ಕೂಳೂರು, ಪಣಂಬೂರು, ಸುರತ್ಕಲ್ ಕಡೆಗಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಟ್ಯಾಂಕರುಗಳ ಪಕ್ಕದಲ್ಲಿ ಬಣ್ಣದ ಗೆರೆ ಎಳೆಯುವುದೆಂದರೆ ಜನರನ್ನು ಕರೆದು ಬಲಿ ಕೊಟ್ಟ ಹಾಗೆ. ಅಲ್ಲಿ ಗಟ್ಟಿ ತಡೆಗೋಡೆಯ ಆಚೆ, ಸರ್ವಿಸ್ ರಸ್ತೆಯ ಬದಿಯಲ್ಲಿ ಮಾತ್ರ ದಾರಿ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಸ್ಕೂಟರುಗಳು ತಪ್ಪವು ಎಂದು ಒಪ್ಪಿಕೊಂಡೇ ಅಗಲ ಇಡಬೇಕು. ಹೆದ್ದಾರಿಯ ಒಡೆಯರೂ ಬೇರೆ, ಮನವಿ ಪಾಲಿಕೆಗೆ ಕೊಟ್ಟರೆ ಪ್ರಯೋಜನ ಕಡಿಮೆ.

ನದಿದಂಡೆ, ಕಡಲತೀರದ ಸೈಕಲ್ ಟ್ರ್ಯಾಕುಗಳು ಚಂದ. ಮಕ್ಕಳು ಕಲಿಯಲಿಕ್ಕೆ, ಸಂಜೆಯ ಗಾಳಿಗೆ ಬೇಕು. ಆದರೆ ಅದನ್ನು ತೋರಿಸಿ 'ಸೈಕಲ್ಲಿಗೆ ಮಾಡಿದ್ದೇವೆ' ಎಂದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹಾಲು ತರುವವನು ದಂಡೆಗೆ ಹೋಗುವುದಿಲ್ಲ.

ಸಭೆಯಲ್ಲಿ ಕೇಳಬೇಕಾದ್ದು

ಪಾಲಿಕೆಯ 60 ವಾರ್ಡುಗಳಲ್ಲಿ ಯಾವುದರಲ್ಲಾದರೂ ರಸ್ತೆಯ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಬಂದರೆ ನಾನು ಮೊದಲು ತೆಗೆಯುವುದು ಜಂಕ್ಷನ್ನಿನ ಹಾಳೆ. ನಡುರಸ್ತೆಯ ಚಿತ್ರ ಎಲ್ಲರೂ ಚಂದ ಬಿಡಿಸುತ್ತಾರೆ. ಸರ್ಕಲ್ ಬಂದ ಕೂಡಲೇ ಹಸಿರು ಗೆರೆ ಮಾಯ, ಸಿಗ್ನಲ್ಲಿಗೆ ಕಾಯದೆ ಎಡಕ್ಕೆ ತಿರುಗುವ ಫ್ರೀ ಲೆಫ್ಟ್ ಪ್ರತ್ಯಕ್ಷ. ಸವಾರನಿಗೆ ದಾರಿ ಹೆಚ್ಚು ಬೇಕಾದಲ್ಲೇ ಅದು ಕೈಬಿಟ್ಟಿರುತ್ತದೆ. ಪುಣೆಯಲ್ಲಿ ಕಟ್ಟಿದ ಪಥಗಳನ್ನು ಜನ ದೂರಿದ್ದು ಬಹಳಷ್ಟು ಇದಕ್ಕೇ, ತುಂಡು ತುಂಡು ಎಂದು. ಸ್ಪೇನಿನ ಸೆವಿಲ್ಲೆಯಲ್ಲಿ 2006–07ರ ಸುಮಾರಿಗೆ ಒಂದೇ ಏಟಿಗೆ ಸುಮಾರು 80 ಕಿಲೋಮೀಟರಿನ ಸೇರಿಕೊಂಡ ಜಾಲ ಕಟ್ಟಿದರು, ಸೈಕಲ್ ಬಳಕೆ ಏರಿತು. ನಮಗೆ ಎಂಬತ್ತು ಬೇಡ. ಉರ್ವದಿಂದ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದವರೆಗೆ ಎಲ್ಲೂ ಕಡಿಯದ ಒಂದೇ ಒಂದು ದಾರಿ ಸಿಕ್ಕಿದರೂ ಶುರುವಾಯಿತೆಂದು ಒಪ್ಪುತ್ತೇನೆ.

ಎರಡನೆಯದು, ಪಥದಲ್ಲಿ ಕಾರು ನಿಲ್ಲಿಸಿದರೆ ಯಾರು ತೆಗೆಸುತ್ತಾರೆ, ಅದರ ಫೋನ್ ನಂಬರ್ ಯಾವುದು. ಸೈಕಲ್ ಪಥದಲ್ಲಿ ಮೋಟಾರು ವಾಹನ ಓಡಿಸಬಾರದೆಂಬ ನಿಯಮ ಮೊದಲೇ ಉಂಟು. ಕೇಳಬೇಕಾದದ್ದು ಜಾರಿಯ ಬಗ್ಗೆ. ಮೂರನೆಯದು ತಳ್ಳುಗಾಡಿಗಳು. ಪಥ ಮಾಡುವ ನೆಪದಲ್ಲಿ ಬೊಂಡ, ಚುರುಮುರಿ ಮಾರುವವರನ್ನು ಎಬ್ಬಿಸುವ ಸೂಚನೆ ಕಂಡರೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯನ್ನು ನೆನಪಿಸಿ. ಅವರಿಗೆ ಅದೇ ನಕ್ಷೆಯಲ್ಲಿ ಜಾಗ ಬಿಡಿಸಿಕೊಡದಿದ್ದರೆ ಅವರು ಬಂದು ನಿಲ್ಲುವುದು ಪಥದಲ್ಲೇ.

ಕೊನೆಗೆ ಅಂದಾಜುಪಟ್ಟಿಯಲ್ಲಿ ಮಳೆನೀರಿನ ಜಾಲರಿ ಎಂಬ ಸಾಲು ಹುಡುಕಿ. ಸಣ್ಣ ಸಂಗತಿ, ಯಾರೂ ಓದುವುದಿಲ್ಲ. ಜಾಲರಿಯ ಕಬ್ಬಿಣದ ಸರಳು ರಸ್ತೆಯ ಉದ್ದಕ್ಕೆ ಸಮನಾಗಿದ್ದರೆ ಸೈಕಲ್ಲಿನ ಸಪೂರ ಟೈರು ನೇರ ಒಳಗೆ ಹೋಗುತ್ತದೆ. ಅಡ್ಡಲಾಗಿದ್ದರೆ ಮೇಲೆ ಹಾದು ಹೋಗುತ್ತದೆ. ಕಬ್ಬಿಣ ಅಷ್ಟೇ, ಖರ್ಚೂ ಅಷ್ಟೇ. ತಿರುಗಿಸಿ ಕೂರಿಸಿ ಎಂದು ಬರೆಸಿಕೊಂಡು ಸಹಿ ಹಾಕಿಸಿ ಬನ್ನಿ.